ಕಂಪ್ಯೂಟರಿಗೆ ಗಂಟೆ ಹೇಳುವವರು ಯಾರು?

ಬೇಸಿಗೆ ರಜೆ ಮುಗಿದು ಇಂಜಿನಿಯರಿಂಗ್ ಕಾಲೇಜಿನ ಕಂಪ್ಯೂಟರ್ ಲ್ಯಾಬ್ ತೆರೆಯುವ ದಿನ. ದೂಳು ಒರೆಸಿ, ಯುಪಿಎಸ್ ಚಾಲೂ ಮಾಡಿ, ಸಾಲಿಗೆ ಸಾಲು ಲಿನಕ್ಸ್ ಯಂತ್ರಗಳನ್ನು ಎಬ್ಬಿಸಿದರೆ ಒಂದೊಂದರದು ಒಂದೊಂದು ಗಂಟೆ. ಬಾಗಿಲ ಬಳಿಯದು ಒಂದೂವರೆ ನಿಮಿಷ ಹಿಂದೆ, ಕಿಟಕಿ ಪಕ್ಕದ್ದು ಮುಕ್ಕಾಲು ನಿಮಿಷ ಮುಂದೆ. ಮೂಲೆಯಲ್ಲಿರುವ ಹಳೆಯ ಯಂತ್ರವಂತೂ ರಜೆಗೆ ಮುಂಚೆ ಆಫ್ ಆದ ದಿನದಲ್ಲೇ ನಿಂತುಬಿಟ್ಟಿದೆ. ಅದರಲ್ಲಿ ಯಾವುದೋ ಜಾಲತಾಣ ತೆರೆಯಲು ಹೋದ ವಿದ್ಯಾರ್ಥಿಗೆ ‘ಈ ಸಂಪರ್ಕ ಸುರಕ್ಷಿತವಲ್ಲ’ ಎಂಬ ಎಚ್ಚರಿಕೆ ಎದುರಾಗುತ್ತದೆ.

ಲ್ಯಾಬ್ ಸಹಾಯಕರು ನೆಟ್‌ವರ್ಕ್ ಸ್ವಿಚ್ ಹಾಕಿದ್ದು ಆಗಷ್ಟೇ. ಸ್ವಲ್ಪ ಹೊತ್ತಿನಲ್ಲೇ ಎಲ್ಲ ಯಂತ್ರಗಳೂ ಒಂದೇ ಗಂಟೆ, ಒಂದೇ ನಿಮಿಷ, ಒಂದೇ ಸೆಕೆಂಡಿಗೆ ಬಂದು ನಿಲ್ಲುತ್ತವೆ. ಯಾರೂ ಕೈಯಿಂದ ಸಮಯ ತಿದ್ದಿಲ್ಲ. ಕೇಬಲ್ಲಿನ ಆಚೆ ತುದಿಯಲ್ಲಿ ಯಾರೋ ಗಂಟೆ ಹೇಳಿದ್ದಾರೆ, ಯಂತ್ರಗಳು ಕೇಳಿಸಿಕೊಂಡಿವೆ.

ಹರಳಿನ ಎಣಿಕೆ

ಮದರ್‌ಬೋರ್ಡಿನ ಮೇಲೆ ಪುಟ್ಟ ಲೋಹದ ಕವಚದೊಳಗೆ ಕ್ವಾರ್ಟ್ಜ್ ಹರಳಿನ ಚೂರೊಂದಿದೆ. ವಿದ್ಯುತ್ ತಾಗಿದರೆ ಅದು ಸೆಕೆಂಡಿಗೆ 32,768 ಸಲ ಕಂಪಿಸುತ್ತದೆ. ಈ ಸಂಖ್ಯೆಯನ್ನು ಹದಿನೈದು ಸಲ ಅರ್ಧ ಮಾಡುತ್ತ ಹೋದರೆ ಸರಿಯಾಗಿ ಒಂದು ಉಳಿಯುತ್ತದೆ, ಅದೇ ಒಂದು ಸೆಕೆಂಡು. ನಮ್ಮ ಕೈಗಡಿಯಾರದೊಳಗಿನ ಹರಳೂ ಇದೇ ಜಾತಿಯದು. ಯಂತ್ರ ಆಫ್ ಆಗಿದ್ದಾಗಲೂ ಈ ಎಣಿಕೆ ನಡೆಯಲೆಂದು ನಾಣ್ಯದಾಕಾರದ ಸಿಆರ್2032 ಬ್ಯಾಟರಿ ಇರುತ್ತದೆ. ಅದು ಸತ್ತರೆ ಎಣಿಕೆಯೂ ನಿಂತಿತು. ಈಗಿನ ಅನೇಕ ಲಿನಕ್ಸ್‌ಗಳು ಕೊನೆಯ ಸಲ ಕಂಡ ಸಮಯವನ್ನು ಡಿಸ್ಕಿನಲ್ಲಿ ಬರೆದಿಟ್ಟುಕೊಳ್ಳುವುದರಿಂದ ಬ್ಯಾಟರಿ ಸತ್ತ ಯಂತ್ರವೂ ದಶಕಗಳ ಹಿಂದಕ್ಕೆ ಹೋಗುವುದಿಲ್ಲ, ಆಫ್ ಆದ ದಿನದಿಂದ ಮುಂದುವರಿಯುತ್ತದೆ.

ಇದು ಹಾರ್ಡ್‌ವೇರ್ ಗಡಿಯಾರ. ಲಿನಕ್ಸ್‌ನ ತಿರುಳಾದ ಕರ್ನೆಲ್ ಯಂತ್ರ ಏಳುವಾಗ ಒಂದು ಸಲ ಇದನ್ನು ಓದಿಕೊಳ್ಳುತ್ತದೆ. ಆಮೇಲೆ ಅದರತ್ತ ತಿರುಗಿಯೂ ನೋಡದೆ ಪ್ರೊಸೆಸರ್‌ನೊಳಗಿನ ಎಣಿಕೆಯಂತ್ರವನ್ನು ನೆಚ್ಚಿಕೊಂಡು ತನ್ನದೇ ಗಡಿಯಾರ ನಡೆಸುತ್ತದೆ. ಆ ಎಣಿಕೆಯೂ ಇನ್ನೊಂದು ಹರಳಿನ ಕಂಪನವನ್ನೇ ನಂಬಿದೆ.

ಹರಳುಗಳು ಒಳ್ಳೆಯವೇ, ಆದರೆ ಅಗ್ಗದವು. ಹತ್ತು ಲಕ್ಷ ಕಂಪನಕ್ಕೆ ಇಪ್ಪತ್ತು ಹೆಚ್ಚುಕಡಿಮೆಯಾಗುವುದು ಮಾಮೂಲು. ಕೇಳಲು ಅಲ್ಪವೆನಿಸಿದರೂ ದಿನಕ್ಕೆ 1.7 ಸೆಕೆಂಡು, ಎರಡು ತಿಂಗಳ ರಜೆಗೆ ಒಂದೂವರೆ ನಿಮಿಷ ದಾಟುತ್ತದೆ. ಮೇಲಾಗಿ ಹವೆಯ ಕಾಟ. ಗಡಿಯಾರದ ಹರಳನ್ನು ಸುಮಾರು 25 ಡಿಗ್ರಿ ಸೆಲ್ಸಿಯಸ್‌ಗೆ ಹೊಂದುವಂತೆ ಕೊಯ್ದಿರುತ್ತಾರೆ. ಅದಕ್ಕಿಂತ ಬಿಸಿಯಾದರೂ ನಿಧಾನ, ತಣ್ಣಗಾದರೂ ನಿಧಾನ. ಕಲಬುರಗಿಯ ಮೇ ತಿಂಗಳಲ್ಲಿ ಫ್ಯಾನು ಮಾತ್ರ ಇರುವ ಕೋಣೆಯ ಯಂತ್ರವೂ ಎ.ಸಿ. ಕೋಣೆಯ ಯಂತ್ರವೂ ಒಂದೇ ಕಾರ್ಖಾನೆಯಿಂದ ಬಂದಿದ್ದರೂ ಒಂದೇ ವೇಗದಲ್ಲಿ ಓಡುವುದಿಲ್ಲ.

ಸೆಕೆಂಡು ತಪ್ಪಿದರೆ ಯಾರಿಗೆ ನಷ್ಟ?

ಬಸ್ಸು ಹಿಡಿಯುವವರಿಗೆ ಒಂದು ನಿಮಿಷ ಆಚೀಚೆಯಾದರೆ ಚಿಂತೆಯಿಲ್ಲ. ಯಂತ್ರಗಳ ಲೋಕದಲ್ಲಿ ಹಾಗಿಲ್ಲ. ಜಾಲತಾಣದ ಭದ್ರತಾ ಪ್ರಮಾಣಪತ್ರಕ್ಕೆ ಆರಂಭದ ದಿನ, ಮುಗಿಯುವ ದಿನ ಎರಡೂ ಇರುತ್ತವೆ. ಉಚಿತ ಪ್ರಮಾಣಪತ್ರಗಳ ಆಯುಷ್ಯ ಬಹುತೇಕ ತೊಂಬತ್ತು ದಿನ. ಎರಡು ತಿಂಗಳು ಹಿಂದುಳಿದ ಯಂತ್ರದ ಕಣ್ಣಿಗೆ ಕಳೆದ ತಿಂಗಳು ನವೀಕರಿಸಿದ ಪತ್ರ ‘ಇನ್ನೂ ಜಾರಿಗೆ ಬಂದಿಲ್ಲ’. ಅದಕ್ಕೇ ಆ ಎಚ್ಚರಿಕೆ. ಮೊಬೈಲಿನಲ್ಲಿ ಮೂವತ್ತು ಸೆಕೆಂಡಿಗೊಮ್ಮೆ ಬದಲಾಗುವ ಆರಂಕಿಯ ಗುಪ್ತಸಂಖ್ಯೆಯನ್ನು ಸರ್ವರ್ ತನ್ನ ಗಡಿಯಾರ ನೋಡಿಯೇ ತಾಳೆ ಹಾಕುತ್ತದೆ. ದೊಡ್ಡ ಕಚೇರಿಗಳ ಲಾಗಿನ್ ವ್ಯವಸ್ಥೆಯಾದ ಕರ್ಬರೋಸ್, ಎರಡು ಯಂತ್ರಗಳ ನಡುವೆ ಐದು ನಿಮಿಷಕ್ಕಿಂತ ಹೆಚ್ಚು ಅಂತರ ಕಂಡರೆ ಸಾಮಾನ್ಯವಾಗಿ ಒಳಗೆ ಬಿಡುವುದಿಲ್ಲ.

ನನಗೆ ಎಲ್ಲಕ್ಕಿಂತ ಗಂಭೀರವೆನಿಸುವುದು ದಾಖಲೆಗಳ ವಿಷಯ. ಹಣ ವರ್ಗಾವಣೆಯೊಂದು ನಾಲ್ಕಾರು ಸರ್ವರ್‌ಗಳನ್ನು ಹಾದು ಹೋಗುತ್ತದೆ. ಪ್ರತಿಯೊಂದೂ ತನ್ನ ಗಡಿಯಾರದಂತೆ ‘ಇಷ್ಟು ಹೊತ್ತಿಗೆ ಇದು ನಡೆಯಿತು’ ಎಂದು ಬರೆದಿಡುತ್ತದೆ. ಆ ಗಡಿಯಾರಗಳು ಒಂದಕ್ಕೊಂದು ಹೊಂದದಿದ್ದರೆ ಕೋರಿಕೆ ಬರುವ ಮುಂಚೆಯೇ ಉತ್ತರ ಹೋಗಿದೆ ಎಂದು ಕಡತ ಹೇಳುತ್ತದೆ. ವಂಚನೆಯ ಜಾಡು ಹಿಡಿಯುವ ತನಿಖಾಧಿಕಾರಿಗೆ ಯಾವುದು ಮೊದಲು, ಯಾವುದು ಆಮೇಲೆ ಎಂಬುದೇ ಗೊತ್ತಾಗದೆ ಹೋದರೆ ಉಳಿದ ಸಾಕ್ಷ್ಯವೆಲ್ಲ ಸಡಿಲ.

ಡೇವಿಡ್ ಮಿಲ್ಸ್ ಹಿಡಿದ ಹಟ

ಕಂಪ್ಯೂಟರುಗಳು ಜಾಲದ ಮೂಲಕ ಗಂಟೆ ಹೊಂದಿಸಿಕೊಳ್ಳುವ ವಿಧಾನಕ್ಕೆ ನೆಟ್‌ವರ್ಕ್ ಟೈಮ್ ಪ್ರೊಟೊಕಾಲ್, ಚಿಕ್ಕದಾಗಿ ಎನ್‌ಟಿಪಿ ಎಂದು ಹೆಸರು. ಅಮೆರಿಕದ ಡೇವಿಡ್ ಮಿಲ್ಸ್ 1985ರಲ್ಲಿ ಇದರ ಮೊದಲ ಅಧಿಕೃತ ವಿವರಣೆ ಪ್ರಕಟಿಸಿದರು. ಆಮೇಲೆ ಡೆಲವೇರ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿ ದಶಕಗಳ ಕಾಲ ತಿದ್ದುತ್ತಲೇ ಹೋದರು. ಮೂರನೆಯ ಆವೃತ್ತಿ 1992ರಲ್ಲಿ, ಇಂದು ಬಳಕೆಯಲ್ಲಿರುವ ನಾಲ್ಕನೆಯದು 2010ರಲ್ಲಿ ಹೊರಬಂತು. ಹುಟ್ಟಿನಿಂದಲೇ ಗ್ಲಾಕೋಮಾ ಇದ್ದ ಮಿಲ್ಸ್ ಅವರ ದೃಷ್ಟಿ ಇಳಿವಯಸ್ಸಿನಲ್ಲಿ ತೀರ ಕುಂದಿತ್ತು. ಆದರೂ ಕೆಲಸ ಬಿಡಲಿಲ್ಲ. 2024ರ ಜನವರಿ 17ರಂದು, 85ನೆಯ ವಯಸ್ಸಿನಲ್ಲಿ ತೀರಿಕೊಂಡರು. ಇಂಟರ್‌ನೆಟ್ಟಿನ ದೊಡ್ಡ ಹೆಸರುಗಳ ಪಟ್ಟಿಯಲ್ಲಿ ಅವರು ಅಪರೂಪಕ್ಕೆ ಕಾಣುತ್ತಾರೆ. ಮೊದಲ ಸಾಲಿನಲ್ಲೇ ಇರಬೇಕಾದವರು.

ಹೋಗಿ ಬರುವ ಲೆಕ್ಕ

ಮಿಲ್ಸ್ ಎದುರಿದ್ದ ತೊಡಕು ಇದು: ಗಂಟೆ ಎಷ್ಟೆಂದು ದೂರದ ಸರ್ವರ್‌ಗೆ ಕೇಳಿದರೆ ಉತ್ತರ ಬರುವಷ್ಟರಲ್ಲಿ ಅದು ಹಳೆಯದಾಗಿರುತ್ತದೆ. ದಾರಿಯಲ್ಲಿ ಎಷ್ಟು ಹೊತ್ತು ಹೋಯಿತೆಂದು ಅಳೆಯಲು ಸರಿಯಾದ ಗಡಿಯಾರ ಬೇಕು, ಇಲ್ಲದಿರುವುದೇ ಅದು.

ಪರಿಹಾರ ಸರಳವಾಗಿದೆ, ಸೊಗಸಾಗಿದೆ. ನಿಮ್ಮ ಯಂತ್ರ ತನ್ನ ಗಡಿಯಾರದಲ್ಲಿ ಹತ್ತು ಗಂಟೆ ಸೊನ್ನೆ ಸೆಕೆಂಡಿಗೆ ಪ್ರಶ್ನೆ ಕಳಿಸಿತು ಎನ್ನಿ. ಸರ್ವರ್ ತನ್ನ ಗಡಿಯಾರದಲ್ಲಿ ಹತ್ತು ಗಂಟೆ 530 ಮಿಲಿಸೆಕೆಂಡಿಗೆ ಅದನ್ನು ಪಡೆಯಿತು, 531ಕ್ಕೆ ಉತ್ತರ ಕಳಿಸಿತು. ಉತ್ತರ ಕೈಸೇರಿದಾಗ ನಿಮ್ಮ ಗಡಿಯಾರದಲ್ಲಿ ಹತ್ತು ಗಂಟೆ 61 ಮಿಲಿಸೆಕೆಂಡು. ನಿಮ್ಮ ಲೆಕ್ಕದಲ್ಲಿ ಕಳೆದದ್ದು 61, ಅದರಲ್ಲಿ ಸರ್ವರ್ ತಡೆದಿದ್ದು 1. ಉಳಿದ 60 ಪ್ರಯಾಣಕ್ಕೆ, ಅಂದರೆ ಹೋಗಲು 30, ಬರಲು 30. ನೀವು ಸೊನ್ನೆಗೆ ಕಳಿಸಿದ್ದು ನಿಮ್ಮ ಗಡಿಯಾರದ 30ಕ್ಕೆ ತಲುಪಬೇಕಿತ್ತು. ಸರ್ವರ್ 530 ಎನ್ನುತ್ತಿದೆ. ನೀವು ಸರಿಯಾಗಿ ಅರ್ಧ ಸೆಕೆಂಡು ಹಿಂದಿದ್ದೀರಿ.

ಇಡೀ ಮಾತುಕತೆಗೆ ಬೇಕಾದದ್ದು ಆಚೆಗೊಂದು, ಈಚೆಗೊಂದು 48 ಬೈಟ್‌ಗಳ ಪೊಟ್ಟಣ. ಈ ಲೆಕ್ಕದಲ್ಲಿ ಒಂದೇ ಒಂದು ನಂಬಿಕೆ ಅಡಗಿದೆ: ಹೋಗುವ ದಾರಿ, ಬರುವ ದಾರಿ ಸಮ ಎಂಬುದು. ಹೋಗಲು 50, ಬರಲು 10 ಆಗಿದ್ದರೆ ಲೆಕ್ಕ 20 ಮಿಲಿಸೆಕೆಂಡು ತಪ್ಪುತ್ತದೆ. ಹತ್ತಿರದ ಸರ್ವರ್ ಆರಿಸಿಕೊಳ್ಳಿ ಎನ್ನುವುದು ಇದಕ್ಕೇ. ಒಟ್ಟು ಪ್ರಯಾಣ ಚಿಕ್ಕದಾದಷ್ಟೂ ತಪ್ಪಿಗೆ ಜಾಗ ಕಡಿಮೆ.

ಮಿಲ್ಸ್ ಇಷ್ಟಕ್ಕೆ ನಿಲ್ಲಿಸಲಿಲ್ಲ. ಎನ್‌ಟಿಪಿಯ ನಿಜವಾದ ಜಾಣ್ಮೆ ಇರುವುದು ಮುಂದಿನ ಹೆಜ್ಜೆಯಲ್ಲಿ. ಒಂದು ನಿಮಿಷದಿಂದ ಹದಿನೇಳು ನಿಮಿಷದ ಅಂತರದಲ್ಲಿ ಮತ್ತೆ ಮತ್ತೆ ಕೇಳುತ್ತ, ನಿಮ್ಮ ಹರಳು ಎಷ್ಟು ವೇಗವಾಗಿ ಇಲ್ಲವೇ ನಿಧಾನವಾಗಿ ಓಡುತ್ತಿದೆ ಎಂಬುದನ್ನೂ ಅದು ಕಲಿತುಕೊಳ್ಳುತ್ತದೆ. ಹತ್ತು ಲಕ್ಷಕ್ಕೆ ಹದಿನಾಲ್ಕು ನಿಧಾನ ಎಂದು ಗೊತ್ತಾದರೆ ಆ ಅಂಕಿಯನ್ನು ಕಡತದಲ್ಲಿ ಬರೆದಿಟ್ಟುಕೊಂಡು, ಅಷ್ಟು ಸೇರಿಸಿಯೇ ಸೆಕೆಂಡು ಎಣಿಸುವಂತೆ ಕರ್ನೆಲ್‌ಗೆ ಹೇಳುತ್ತದೆ. ಇಂಟರ್‌ನೆಟ್ ಕಡಿದುಹೋದರೂ ಆ ಯಂತ್ರ ಬಹಳ ಹೊತ್ತು ಸರಿದಾರಿಯಲ್ಲೇ ಇರುತ್ತದೆ, ತನ್ನ ದೋಷ ಎಷ್ಟೆಂದು ಅದಕ್ಕೆ ಗೊತ್ತಲ್ಲ!

ಒಬ್ಬರ ಮಾತು ಸಾಲದು

ಸರ್ವರ್‌ಗೆ ಗಂಟೆ ಹೇಳಿದವರು ಯಾರು? ಎಲ್ಲಕ್ಕಿಂತ ಮೇಲೆ ಪರಮಾಣು ಗಡಿಯಾರ ಅಥವಾ ಉಪಗ್ರಹದ ಸಂಕೇತ ಹಿಡಿಯುವ ಸಾಧನ ಇರುತ್ತದೆ. ಅದನ್ನು ಸೊನ್ನೆಯ ಸ್ತರ ಎನ್ನುತ್ತಾರೆ. ಅದಕ್ಕೆ ನೇರವಾಗಿ ಜೋಡಿಸಿದ ಸರ್ವರ್ ಒಂದನೆಯ ಸ್ತರ, ಅದನ್ನು ಕೇಳಿ ತಿಳಿಯುವುದು ಎರಡನೆಯದು, ಹೀಗೆ ಹದಿನೈದರವರೆಗೆ. ಹದಿನಾರು ಎಂದರೆ ‘ನನಗೇ ಗಂಟೆ ಗೊತ್ತಿಲ್ಲ, ನಂಬಬೇಡಿ’ ಎಂದರ್ಥ.

ಮೇಲಿನ ಸ್ತರದವರೂ ತಪ್ಪುತ್ತಾರೆ. 2012ರ ನವೆಂಬರ್ 19ರಂದು ಅಮೆರಿಕದ ನೌಕಾ ವೀಕ್ಷಣಾಲಯದ ‘ಟಿಕ್’, ‘ಟಾಕ್’ ಎಂಬ ಹೆಸರಾಂತ ಸರ್ವರ್‌ಗಳು ಕೆಲಹೊತ್ತು ಇಸವಿ 2000 ಎಂದು ಸಾರಿದವು. ಕಣ್ಣುಮುಚ್ಚಿ ನಂಬಿದ ಎಷ್ಟೋ ಕಚೇರಿಗಳಲ್ಲಿ ಲಾಗಿನ್ ವ್ಯವಸ್ಥೆ ಕುಸಿಯಿತು. ಹಲವರನ್ನು ವಿಚಾರಿಸುತ್ತಿದ್ದ ಯಂತ್ರಗಳು ಅಲುಗಾಡಲಿಲ್ಲ. ಒಂದೇ ಸರ್ವರ್ ಇದ್ದರೆ ಅದು ತಪ್ಪೆಂದು ತಿಳಿಯುವ ದಾರಿಯಿಲ್ಲ. ಎರಡಿದ್ದು ಭಿನ್ನವಾಗಿ ಹೇಳಿದರೆ ಯಾರು ಸರಿಯೆಂದು ಗೊತ್ತಾಗುವುದಿಲ್ಲ. ಮೂರಿದ್ದರೆ ಇಬ್ಬರು ಸೇರಿ ಸುಳ್ಳುಗಾರನನ್ನು ಹೊರಗಿಡಬಹುದು. ಮೂವರಲ್ಲಿ ಒಬ್ಬರು ಕೈಕೊಟ್ಟಾಗಲೂ ನಡೆಯಬೇಕೆಂದರೆ ನಾಲ್ಕು ಬೇಕು.

ಜಗತ್ತಿನ ಅನೇಕ ಲಿನಕ್ಸ್ ಯಂತ್ರಗಳು ಕೇಳುವುದು 2003ರಲ್ಲಿ ಆರಂಭವಾದ ಎನ್‌ಟಿಪಿ ಪೂಲ್ ಎಂಬ ಸಮೂಹವನ್ನು. ಸ್ವಯಂಸೇವಕರು ತಮ್ಮ ಸಾವಿರಾರು ಸರ್ವರ್‌ಗಳನ್ನು ಪುಕ್ಕಟೆಯಾಗಿ ಇದಕ್ಕೆ ಬಿಟ್ಟುಕೊಟ್ಟಿದ್ದಾರೆ. ಇಂಥದ್ದು ಏಕೆ ಬೇಕೆಂಬುದಕ್ಕೆ ಅದೇ ವರ್ಷದ ಘಟನೆಯೊಂದು ಸಾಕು. ಒಂದು ಕಂಪನಿಯ ಲಕ್ಷಾಂತರ ಮನೆಬಳಕೆಯ ರೌಟರ್‌ಗಳಲ್ಲಿ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಸಮಯ ಸರ್ವರ್‌ನ ವಿಳಾಸವನ್ನು ನೇರವಾಗಿ ಅಚ್ಚುಹಾಕಿಬಿಟ್ಟಿದ್ದರು. ಉತ್ತರ ಬಾರದಿದ್ದರೆ ಸೆಕೆಂಡಿಗೊಮ್ಮೆ ಕೇಳುವ ಸ್ವಭಾವ ಬೇರೆ. ಸೆಕೆಂಡಿಗೆ ಎರಡು ಲಕ್ಷಕ್ಕೂ ಹೆಚ್ಚು ಪ್ರಶ್ನೆಗಳ ಪ್ರವಾಹಕ್ಕೆ ಆ ವಿಶ್ವವಿದ್ಯಾಲಯದ ಜಾಲ ತತ್ತರಿಸಿತು. ಪೂಲ್‌ನಲ್ಲಿ ಈ ಹೊರೆ ಹಂಚಿಹೋಗುತ್ತದೆ. ಅದರ ಸರ್ವರ್‌ಗಳಲ್ಲಿ ಹೆಚ್ಚಿನವು ಯುರೋಪಿನವು. ಸಾಫ್ಟ್‌ವೇರ್‌ನಿಂದ ಬದುಕು ಕಟ್ಟಿಕೊಂಡ ನಮ್ಮ ನಾಡಿನ ಕಾಲೇಜುಗಳು, ಕಂಪನಿಗಳು ಒಂದೊಂದು ಸರ್ವರ್ ಸೇರಿಸಿದರೆ ಪಡೆದದ್ದಕ್ಕೆ ತಕ್ಕ ಋಣ ತೀರಿಸಿದಂತೆ ಎಂದು ನನ್ನ ಬಲವಾದ ಅನಿಸಿಕೆ.

ಹಿಂದಕ್ಕೆ ತಿರುಗಿಸಬಾರದು

ಗೋಡೆ ಗಡಿಯಾರ ಐದು ಸೆಕೆಂಡು ಮುಂದಿದ್ದರೆ ಮುಳ್ಳನ್ನು ಹಿಂದಕ್ಕೆ ಸರಿಸುತ್ತೇವೆ. ಕೆಲಸ ಮಾಡುತ್ತಿರುವ ಕಂಪ್ಯೂಟರಿನಲ್ಲಿ ಹೀಗೆ ಮಾಡಿದರೆ ಅದೇ ಐದು ಸೆಕೆಂಡು ಎರಡನೆಯ ಸಲ ಬರುತ್ತವೆ. ಡೇಟಾಬೇಸಿನಲ್ಲಿ ಆಮೇಲೆ ಬರೆದದ್ದು ಮೊದಲೇ ಬರೆದಂತೆ ಕಾಣುತ್ತದೆ. ಯಾವ ಕಡತ ಹೊಸದೆಂದು ಸಮಯ ನೋಡಿ ತೀರ್ಮಾನಿಸುವ ‘ಮೇಕ್’ನಂಥ ಉಪಕರಣಗಳು ಹೊಸದನ್ನೇ ಹಳೆಯದೆಂದು ಬಿಟ್ಟುಬಿಡುತ್ತವೆ. ಆದ್ದರಿಂದ ಕರ್ನೆಲ್ ಸೆಕೆಂಡುಗಳನ್ನೇ ಕೂದಲೆಳೆಯಷ್ಟು ಹಿಗ್ಗಿಸಿಯೋ ಕುಗ್ಗಿಸಿಯೋ ಯಾರಿಗೂ ಗೊತ್ತಾಗದಂತೆ ಸರಿದಾರಿಗೆ ತರುತ್ತದೆ.

ಇದನ್ನು ನಡೆಸುವ ಪ್ರೋಗ್ರಾಂಗಳು ಹಲವು. ಮಿಲ್ಸ್ ಪರಂಪರೆಯ ‘ಎನ್‌ಟಿಪಿಡಿ’ ತೀರ ನಿಧಾನಿ. ಹತ್ತು ಲಕ್ಷಕ್ಕೆ 500ಕ್ಕಿಂತ ವೇಗವಾಗಿ ತಿದ್ದುವುದಿಲ್ಲವಾದ್ದರಿಂದ ಒಂದು ಸೆಕೆಂಡನ್ನು ಹೀಗೆ ಸರಿಪಡಿಸಲು ಮೂವತ್ತಮೂರು ನಿಮಿಷ ಬೇಕು. ವ್ಯತ್ಯಾಸ ಸಾವಿರ ಸೆಕೆಂಡು ಮೀರಿದರೆ ‘ಇಲ್ಲೇನೋ ಎಡವಟ್ಟಾಗಿದೆ’ ಎಂದು ಕೆಲಸವನ್ನೇ ನಿಲ್ಲಿಸುತ್ತದೆ. ರಿಚರ್ಡ್ ಕರ್ನೋ ಬರೆದು, ಈಗ ಮಿರೊಸ್ಲಾವ್ ಲಿಖ್ವಾರ್ ನೋಡಿಕೊಳ್ಳುತ್ತಿರುವ ‘ಕ್ರೋನಿ’ ಇವತ್ತಿನ ಪರಿಸ್ಥಿತಿಗೆ ಹೆಚ್ಚು ಒಗ್ಗುತ್ತದೆ. ಮುಚ್ಚಿ ತೆರೆಯುವ ಲ್ಯಾಪ್‌ಟಾಪ್, ಆಗಾಗ ಕಡಿಯುವ ಸಂಪರ್ಕ, ದೊಡ್ಡ ಸರ್ವರ್‌ನೊಳಗೆ ಬಾಡಿಗೆಗಿರುವ ವರ್ಚುವಲ್ ಯಂತ್ರ, ಎಲ್ಲಕ್ಕೂ ಅದು ಬೇಗ ಹೊಂದಿಕೊಳ್ಳುತ್ತದೆ. ಯಂತ್ರ ಏಳುತ್ತಿರುವಾಗಿನ ಮೊದಲ ಮೂರು ಉತ್ತರಗಳಲ್ಲಿ ವ್ಯತ್ಯಾಸ ಒಂದು ಸೆಕೆಂಡು ದಾಟಿದ್ದರೆ ಒಮ್ಮೆಲೇ ಜಿಗಿ, ಆಮೇಲೆ ಏನಿದ್ದರೂ ನಿಧಾನಕ್ಕೆ ತಿದ್ದು ಎಂಬುದು ಅದರ ರೂಢಿಯ ಸೆಟ್ಟಿಂಗ್. ಲಿನಕ್ಸ್ ವಿತರಣೆಗಳಲ್ಲಿ ರೆಡ್ ಹ್ಯಾಟ್ ತನ್ನ ಎಂಟನೆಯ ಆವೃತ್ತಿಯಿಂದ ಕ್ರೋನಿಯನ್ನೇ ಕೊಡುತ್ತಿದೆ. ಡೆಬಿಯನ್, ಉಬುಂಟುಗಳಲ್ಲಿ ಬಹುಕಾಲ ಇದ್ದದ್ದು ‘ಸಿಸ್ಟಂಡಿ-ಟೈಮ್‌ಸಿಂಕ್‌ಡಿ’ ಎಂಬ ಹಗುರ ಪ್ರೋಗ್ರಾಂ. ಅದು ಒಂದು ಹೊತ್ತಿಗೆ ಒಬ್ಬರನ್ನೇ ಕೇಳುತ್ತದೆ. ಮನೆಯ ಯಂತ್ರಕ್ಕೆ ಸಾಕು, ಸರ್ವರ್‌ಗೆ ಸಾಲದು.

ಆ ಭಾನುವಾರ ಬೆಳಗಿನ ಐದೂವರೆ

ಭೂಮಿ ತಿರುಗುವ ವೇಗ ಪರಮಾಣು ಗಡಿಯಾರದಷ್ಟು ನಿಯತವಾಗಿಲ್ಲ. ಎರಡರ ಅಂತರ ಬೆಳೆಯದಿರಲೆಂದು 1972ರಿಂದ ಈವರೆಗೆ 27 ಸಲ ವಿಶ್ವ ಸಮಯಕ್ಕೆ ಒಂದೊಂದು ಅಧಿಕ ಸೆಕೆಂಡು ಸೇರಿಸಿದ್ದಾರೆ. ನಮ್ಮ ಸಮಯ ಅದಕ್ಕಿಂತ ಐದೂವರೆ ಗಂಟೆ ಮುಂದಿರುವುದರಿಂದ ಭಾರತದಲ್ಲಿ ಅದು ಬರುವುದು ನಸುಕಿನ ಐದೂವರೆಗೆ.

2012ರ ಜುಲೈ 1, ಭಾನುವಾರ. ಇಲ್ಲಿ ಹಾಲಿನವರು ಓಡಾಡುವ ಹೊತ್ತು. ಅಧಿಕ ಸೆಕೆಂಡು ಬಂದ ಕೂಡಲೇ ಜಗತ್ತಿನಾದ್ಯಂತ ಲೆಕ್ಕವಿಲ್ಲದಷ್ಟು ಲಿನಕ್ಸ್ ಸರ್ವರ್‌ಗಳ ಪ್ರೊಸೆಸರ್‌ಗಳು ಹುಚ್ಚೆದ್ದು ಓಡತೊಡಗಿದವು. ಕರ್ನೆಲ್ ಒಂದು ಸೆಕೆಂಡು ಸೇರಿಸಿಕೊಂಡಿತ್ತು, ಆದರೆ ಆ ಸುದ್ದಿಯನ್ನು ತನ್ನದೇ ಟೈಮರ್ ವಿಭಾಗಕ್ಕೆ ಮುಟ್ಟಿಸಿರಲಿಲ್ಲ. ‘ಅರೆಕ್ಷಣ ಮಲಗಿ ಏಳು’ ಎಂದು ಕೇಳಿಕೊಂಡ ಪ್ರೋಗ್ರಾಂಗಳನ್ನೆಲ್ಲ ಟೈಮರ್ ಮಲಗುವ ಮುಂಚೆಯೇ ಎಬ್ಬಿಸುತ್ತಿತ್ತು. ಅವು ಮತ್ತೆ ಮಲಗಲು ಹೋಗುತ್ತಿದ್ದವು, ಮತ್ತೆ ಎಬ್ಬಿಸುತ್ತಿತ್ತು. ರೆಡ್ಡಿಟ್‌ನಂಥ ತಾಣಗಳು ಸ್ತಬ್ಧವಾದವು. ಕ್ವಾಂಟಾಸ್ ವಿಮಾನ ಸಂಸ್ಥೆಯ ಪ್ರಯಾಣಿಕರು ನಿಲ್ದಾಣಗಳಲ್ಲಿ ಸಾಲುಗಟ್ಟಿದರು. ಜರ್ಮನಿಯ ಒಂದು ದೊಡ್ಡ ಡೇಟಾ ಸೆಂಟರ್ ಸಂಸ್ಥೆ ತನ್ನ ವಿದ್ಯುತ್ ಬಳಕೆ ಸುಮಾರು ಒಂದು ಮೆಗಾವ್ಯಾಟ್ ಏರಿದ್ದನ್ನು ಕಂಡಿತು. ಮದ್ದು ಒಂದೇ ಸಾಲಿನದು: ಯಂತ್ರದ ಗಡಿಯಾರವನ್ನು ಅದೇ ಹೊತ್ತಿಗೆ ಮತ್ತೊಮ್ಮೆ ಹೊಂದಿಸುವುದು. ಹಾಗೆ ಮಾಡಿದೊಡನೆ ಟೈಮರ್ ವಿಭಾಗಕ್ಕೂ ಸುದ್ದಿ ತಲುಪಿ ಯಂತ್ರ ಶಾಂತವಾಗುತ್ತಿತ್ತು.

ಇಂಥ ಪೆಟ್ಟು ತಪ್ಪಿಸಲು ಗೂಗಲ್ ಮೊದಲಾದವರು ಆ ಒಂದು ಸೆಕೆಂಡನ್ನು ಇಡೀ ದಿನಕ್ಕೆ ತೆಳುವಾಗಿ ಹರಡುತ್ತಾರೆ. ಹರಡುವ ಸರ್ವರ್‌ಗಳನ್ನೂ ಹರಡದ ಸರ್ವರ್‌ಗಳನ್ನೂ ಒಂದೇ ಯಂತ್ರದಲ್ಲಿ ಬೆರೆಸಿಕೊಳ್ಳಬಾರದು ಎಂಬ ಎಚ್ಚರಿಕೆ ಹುಟ್ಟಿದ್ದು ಇದರಿಂದಲೇ. ಕೊನೆಯ ಅಧಿಕ ಸೆಕೆಂಡು ಬಂದದ್ದು 2016ರ ಕೊನೆಯ ದಿನ. 2035ರೊಳಗೆ ಈ ಪದ್ಧತಿಯನ್ನು ಬದಲಿಸಲು ತೂಕ–ಅಳತೆಗಳ ಅಂತರರಾಷ್ಟ್ರೀಯ ಮಹಾಸಮ್ಮೇಳನ 2022ರಲ್ಲಿ ತೀರ್ಮಾನಿಸಿದೆ.

ದೆಹಲಿಯ ಗಡಿಯಾರ, ಬ್ಯಾಲಾಳಿನ ಗಡಿಯಾರ

ಭಾರತದ ಅಧಿಕೃತ ಸಮಯ ಕಾಯುವವರು ನವದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದವರು. ಅಲ್ಲಿನ ಪರಮಾಣು ಗಡಿಯಾರಗಳು ಪ್ಯಾರಿಸ್ ಬಳಿಯ ಅಂತರರಾಷ್ಟ್ರೀಯ ತೂಕ–ಅಳತೆ ಕಚೇರಿ ನಡೆಸುವ ವಿಶ್ವ ಸಮಯದ ಲೆಕ್ಕದಲ್ಲಿ ಪಾಲುದಾರರು. ಹಲವು ದೇಶಗಳ ನಾನೂರಕ್ಕೂ ಹೆಚ್ಚು ಗಡಿಯಾರಗಳ ಸರಾಸರಿ ತೆಗೆದು ಯಾರು ಎಷ್ಟು ಆಚೀಚೆ ಇದ್ದರೆಂದು ಆ ಕಚೇರಿ ತಿಳಿಸುವುದು ತಿಂಗಳು ಕಳೆದ ಮೇಲೆ. ಜಗತ್ತಿನ ಅತಿ ನಿಖರ ಸಮಯ ಕೂಡ ಪರಸ್ಪರ ಕೇಳಿ, ತಾಳೆ ನೋಡಿ ತೀರ್ಮಾನಿಸಿದ್ದು ಎಂಬುದು ನನಗೆ ಯಾವಾಗಲೂ ಸೋಜಿಗ ತರುತ್ತದೆ.

ನಮ್ಮ ರಾಜ್ಯದಲ್ಲೂ ಅಂಥ ಗಡಿಯಾರಗಳಿವೆ. ಬೆಂಗಳೂರು ಹೊರವಲಯದ ಬ್ಯಾಲಾಳಿನಲ್ಲಿರುವ ಇಸ್ರೋ ಪಥದರ್ಶಕ ಕೇಂದ್ರ, ಭಾರತದ ಪಥದರ್ಶಕ ವ್ಯವಸ್ಥೆಯಾದ ನಾವಿಕ್‌ನ ಉಪಗ್ರಹಗಳಿಗೆ ಬೇಕಾದ ಸಮಯವನ್ನು ನಡೆಸುತ್ತದೆ. 2023ರ ಮೇ 29ರಂದು ಹಾರಿದ ಎನ್‌ವಿಎಸ್-01 ಉಪಗ್ರಹ ನಮ್ಮಲ್ಲೇ ತಯಾರಾದ ರುಬಿಡಿಯಂ ಪರಮಾಣು ಗಡಿಯಾರವನ್ನು ಹೊತ್ತೊಯ್ದಿತು. ದೇಶದ ಐದು ಕಡೆ ಕಾನೂನು ಮಾಪನ ಪ್ರಯೋಗಾಲಯಗಳಿಂದ ಭಾರತೀಯ ಸಮಯವನ್ನು ಹಂಚುವ ಯೋಜನೆಯಲ್ಲಿ ಬೆಂಗಳೂರೂ ಒಂದು.

ನಿಯಮವೂ ಬಂದಿದೆ. ಸೈಬರ್ ಭದ್ರತೆಯ ಸರ್ಕಾರಿ ಸಂಸ್ಥೆಯಾದ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದ ಪ್ರಕಾರ ಸೇವಾದಾರರು, ಡೇಟಾ ಸೆಂಟರ್‌ಗಳು, ಕಂಪನಿಗಳು, ಸರ್ಕಾರಿ ಕಚೇರಿಗಳು ತಮ್ಮ ಗಡಿಯಾರಗಳನ್ನು ರಾಷ್ಟ್ರೀಯ ಭೌತ ಪ್ರಯೋಗಾಲಯ ಅಥವಾ ರಾಷ್ಟ್ರೀಯ ಮಾಹಿತಿ ಕೇಂದ್ರದ ಸರ್ವರ್‌ಗಳಿಗೆ, ಇಲ್ಲವೇ ಅವುಗಳಿಂದ ಸಮಯ ಪಡೆದ ಸರ್ವರ್‌ಗಳಿಗೆ ಹೊಂದಿಸಬೇಕು. ಹಲವು ದೇಶಗಳಲ್ಲಿ ಯಂತ್ರಗಳಿರುವವರು ಬೇರೆ ನಿಖರ ಮೂಲ ಬಳಸಬಹುದು, ಆದರೆ ಇವುಗಳಿಂದ ವ್ಯತ್ಯಾಸ ಇರಕೂಡದು. ಕಾಗದದಲ್ಲಿ ಒಪ್ಪಿ ಯಂತ್ರದಲ್ಲಿ ಮರೆಯುವ ಕಚೇರಿಗಳು ಈ ನಿರ್ದೇಶನವನ್ನು ಗಂಭೀರವಾಗಿ ತೆಗೆದುಕೊಳ್ಳಬೇಕು. ಅಪರಾಧ ನಡೆದ ಮೇಲೆ ಗಡಿಯಾರ ತಿದ್ದಿದರೆ ಬರೆದುಹೋದ ದಾಖಲೆ ಸರಿಯಾಗದು.

ನಿಮ್ಮ ಯಂತ್ರದಲ್ಲಿ

ಟರ್ಮಿನಲ್‌ನಲ್ಲಿ ‘ಟೈಮ್‌ಡೇಟ್‌ಸಿಟಿಎಲ್’ ಎಂಬ ಆದೇಶ ಕೊಟ್ಟರೆ ಸ್ಥಳೀಯ ಸಮಯ, ವಿಶ್ವ ಸಮಯ, ಹಾರ್ಡ್‌ವೇರ್ ಗಡಿಯಾರ ಎಲ್ಲವೂ ಒಂದೇ ಕಡೆ ಕಾಣುತ್ತವೆ. ಗಡಿಯಾರ ಜಾಲಕ್ಕೆ ಹೊಂದಿಕೊಂಡಿದೆಯೇ ಎಂಬ ಸಾಲೂ ಅಲ್ಲೇ ಇದೆ. ಕ್ರೋನಿ ಇದ್ದರೆ ‘ಕ್ರೋನಿಸಿ ಸೋರ್ಸಸ್’ ಎಂಬ ಆದೇಶ, ಯಂತ್ರ ಯಾರನ್ನೆಲ್ಲ ಕೇಳುತ್ತಿದೆ, ಯಾರನ್ನು ನಂಬಿದೆ, ಯಾರನ್ನು ಸುಳ್ಳುಗಾರನೆಂದು ಕೈಬಿಟ್ಟಿದೆ ಎಂದು ತೋರಿಸುತ್ತದೆ.

ಒಂದೇ ಯಂತ್ರದಲ್ಲಿ ವಿಂಡೋಸ್ ಕೂಡ ಇರುವವರಿಗೆ ಸಮಯ ಸರಿಯಾಗಿ ಐದೂವರೆ ಗಂಟೆ ತಪ್ಪಿದ್ದರೆ ಕಾರಣ ಸ್ಪಷ್ಟ. ಲಿನಕ್ಸ್ ಹಾರ್ಡ್‌ವೇರ್ ಗಡಿಯಾರದಲ್ಲಿ ವಿಶ್ವ ಸಮಯ ಬರೆಯುತ್ತದೆ, ವಿಂಡೋಸ್ ಅದನ್ನೇ ಭಾರತೀಯ ಸಮಯವೆಂದು ಓದುತ್ತದೆ. ವಿಂಡೋಸ್‌ಗೇ ವಿಶ್ವ ಸಮಯ ಬಳಸಲು ಹೇಳಿಕೊಡುವುದು ಒಳ್ಳೆಯ ದಾರಿ.

ಉಳಿದದ್ದು ಭದ್ರತೆ. ಹಳೆಯ ಎನ್‌ಟಿಪಿಯ ಉತ್ತರಕ್ಕೆ ಸಾಮಾನ್ಯವಾಗಿ ಸಹಿಯಿಲ್ಲ. ದಾರಿಯಲ್ಲಿ ಕುಳಿತವರು ಅದನ್ನು ತಿರುಚಬಹುದು. 2020ರಲ್ಲಿ ಅಂಗೀಕಾರವಾದ ಎನ್‌ಟಿಎಸ್ ಎಂಬ ವಿಧಾನ, ಉತ್ತರ ನಿಜವಾಗಿ ಆ ಸರ್ವರ್‌ನಿಂದಲೇ ಬಂತೆಂದು ಖಾತ್ರಿಪಡಿಸುತ್ತದೆ. ಕ್ರೋನಿಯಲ್ಲಿ ಇದು ಲಭ್ಯ, ಉಬುಂಟು ಕೂಡ 25.10ನೆಯ ಆವೃತ್ತಿಯಿಂದ ಇತ್ತ ಹೊರಳಿದೆ. ಇಲ್ಲೊಂದು ಗಂಟಿದೆ. ಎನ್‌ಟಿಎಸ್ ನಡೆಯಲು ಸರ್ವರ್‌ನ ಪ್ರಮಾಣಪತ್ರ ಪರಿಶೀಲಿಸಬೇಕು, ಪ್ರಮಾಣಪತ್ರ ಪರಿಶೀಲಿಸಲು ಗಡಿಯಾರ ಹೆಚ್ಚುಕಡಿಮೆ ಸರಿಯಿರಬೇಕು. ಮೊದಲ ಸುತ್ತಿನಲ್ಲಿ ಮಾತ್ರ ಪತ್ರದ ದಿನಾಂಕ ನೋಡದಿರುವ ಸೌಲಭ್ಯವನ್ನು ಕ್ರೋನಿ ಕೊಟ್ಟಿದೆ, ಆದರೆ ಅಷ್ಟು ಹೊತ್ತು ಕಾವಲು ಸಡಿಲ. ಆದ್ದರಿಂದ ಪ್ರತಿ ಸಲ ಆನ್ ಮಾಡಿದಾಗಲೂ ಹಳೆಯ ದಿನಾಂಕ ತೋರಿಸುವ ಯಂತ್ರವಿದ್ದರೆ ಸೆಟ್ಟಿಂಗ್ ಹುಡುಕುವ ಮುಂಚೆ ಕವಚ ಬಿಚ್ಚಿ ಆ ನಾಣ್ಯದಾಕಾರದ ಬ್ಯಾಟರಿಯನ್ನು ಬದಲಾಯಿಸಿ.